ಮಾರಿದ ರೇಟು

ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಎಂದು ಗಾದೆ ಕಟ್ಟಿದವರು ಹಂಗಾರಕಟ್ಟೆಯ ಮೀನು ದೋಣಿಗಳ ದಕ್ಕೆಗೆ ಬಂದವರಲ್ಲ. ಇಲ್ಲಿ ಹಣದ ಮಾತು ಬಂದರೆ ಜೀವ ಇರುವವರೇ ಬಾಯಿ ಮುಚ್ಚುತ್ತಾರೆ. ಅದೂ ಯಾರು, ಮೀನು ಮಾರುವ ಹೆಂಗಸರು! ಬೇರೆ ಯಾವ ವಿಷಯಕ್ಕೂ ಬಾಯಿ ಮುಚ್ಚಿ ಅಭ್ಯಾಸ ಇಲ್ಲದವರು. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಗಂಡ ಎಲ್ಲಿ ಕುಡಿದು ಬಿದ್ದಿದ್ದ, ಯಾರಿಗೆ ಸಕ್ಕರೆ ಕಾಯಿಲೆ ಶುರುವಾಯಿತು, ಎಲ್ಲವೂ ಮೊದಲ ದೋಣಿ ಬರುವಷ್ಟರಲ್ಲಿ ಇಲ್ಲಿ ಚರ್ಚೆಯಾಗಿ ಮುಗಿದಿರುತ್ತದೆ. ಆದರೆ ನಿನ್ನೆಯ ಬಂಗುಡೆ ಎಷ್ಟಕ್ಕೆ ಕೊಟ್ಟೆ ಎಂದು ಯಾರನ್ನಾದರೂ ಕೇಳಿ ನೋಡಿ. ಕಿವಿ ಕೇಳದವರ ಹಾಗೆ ಸೆರಗು ಸರಿಮಾಡಿಕೊಂಡು, "ಎಂತ ವ್ಯಾಪಾರ ಮರಾಯ್ತಿ, ರಿಕ್ಷಾ ಬಾಡ್ಗಿ ಹುಟ್ರೆ ಸಾಕ್" ಎನ್ನುತ್ತಾರೆ. ವರ್ಷಗಳಿಂದ ಎಲ್ಲರಿಗೂ ಬರೀ ರಿಕ್ಷಾ ಬಾಡಿಗೆಯೇ ಹುಟ್ಟುತ್ತಿದ್ದರೂ ಎಲ್ಲರ ಕುತ್ತಿಗೆಯ ಚಿನ್ನ ಮಾತ್ರ ದಪ್ಪವಾಗುತ್ತಲೇ ಬಂದಿದೆ.

ವನಜ ಈ ಸಂಪ್ರದಾಯದ ಪಟ್ಟದ ಶಿಷ್ಯೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳ ತಲೆಯ ಮೇಲೆ ಬುಟ್ಟಿ ಇಟ್ಟು ಹೇಳಿದ್ದು ಒಂದೇ ಮಾತು. "ಕೊಂಡ ರೇಟ್ ಊರಿಗೆಲ್ಲ ಕೂಗ್, ಮಾರಿದ ರೇಟ್ ನುಂಗ್. ಮಾರಿದ್ ರೇಟ್ ಬಾಯಿಂದ ಹೊರಗ್ ಬಂದ್ರೆ ಲಕ್ಷ್ಮಿಯೂ ಅದ್ರ್ ಹಿಂದೆ ಹೊರಗ್ ಹೋತ್ಳ್." ಆ ಅತ್ತೆ ತೀರಿಹೋಗಿ ಬಹಳ ಕಾಲವಾಯಿತು. ಬುಟ್ಟಿ ಹೋಗಿ ಪ್ಲಾಸ್ಟಿಕ್ ಕ್ರೇಟು ಬಂತು, ಬಾರ್ಕೂರಿಗೆ ನಡೆದು ಹೋಗುತ್ತಿದ್ದವಳು ಬಸ್ಸು ಹತ್ತಿದಳು, ಮೀನಿನ ನೀರು ಸೋರುತ್ತದೆ ಎಂದು ಕಂಡಕ್ಟರು ಕೂಗಾಡಿದ ಮೇಲೆ ರಿಕ್ಷಾ ಹಿಡಿದಳು. ಅತ್ತೆಯ ಮಾತೊಂದು ಮಾತ್ರ ಹಾಗೇ ಉಳಿಯಿತು.

ಮನೆಯೊಳಗೂ ಅದೇ ಕಾನೂನು. ಗಂಡನ ಹೆಸರು ಗುಡ್ಡ, ಹೊಳೆಬದಿಯಲ್ಲಿ ದೋಣಿ ಕಟ್ಟುವ ಯಾರ್ಡಿನಲ್ಲಿ ಕೆಲಸಕ್ಕೆ ಹೋಗುವವನು. ವಾರಕ್ಕೊಮ್ಮೆ ಸಂಬಳ ಸಿಕ್ಕಿದಾಗ ದೇವರ ಪಟದ ಹಿಂದೆ ಒಂದಿಷ್ಟು ನೋಟು ಸಿಕ್ಕಿಸಿ ಏನೂ ಹೇಳದೆ ಮೀಯಲು ಹೋಗುತ್ತಾನೆ. ವನಜ ಏನೂ ಕೇಳದೆ ತೆಗೆದುಕೊಳ್ಳುತ್ತಾಳೆ. ಅವನ ಪೂರ್ತಿ ಸಂಬಳ ಎಷ್ಟು ಎಂದು ಅವಳಿಗೆ ಗೊತ್ತಿಲ್ಲ, ಅವಳ ವ್ಯಾಪಾರ ಎಷ್ಟು ಎಂದು ಅವನಿಗೆ ಗೊತ್ತಿಲ್ಲ. ಗಂಡಹೆಂಡಿರ ಸಂಸಾರ ಹೀಗೆ ಸುಸೂತ್ರವಾಗಿ ಸಾಗಿದೆ. ಹೋದ ವರ್ಷ ಬ್ಯಾಂಕಿನ ಹುಡುಗರು ಮೀನು ಮಾರ್ಕೆಟ್ಟಿಗೆ ಬಂದು, ಮೊಬೈಲಿನಲ್ಲಿ ದುಡ್ಡು ಬಂದ ಕೂಡಲೇ ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಹೇಳುವ ಪೆಟ್ಟಿಗೆಯನ್ನು ಎಲ್ಲರಿಗೂ ಪುಕ್ಕಟೆ ಕೊಡುತ್ತೇವೆ ಎಂದಾಗ ಹೆಂಗಸರೆಲ್ಲ ಹಾವು ಕಂಡವರ ಹಾಗೆ ಹಿಂದೆ ಸರಿದರು. "ಊರಿಗೆಲ್ಲ ಡಂಗುರ ಹೊಡುಕೆ ನಂಗೆಂತ ಮಂಡೆ ಸಮ ಇಲ್ಯಾ?" ಎಂದು ಮೊದಲು ಹೇಳಿದವಳೇ ವನಜ.

ಇಂಥ ವನಜಳಿಗೆ ಒಬ್ಬಳು ಗೆಳತಿ, ಪ್ರಭಾವತಿ. ಒಂದೇ ವರ್ಷ ಹಂಗಾರಕಟ್ಟೆಗೆ ಸೊಸೆಯಾಗಿ ಬಂದವರು. ಒಬ್ಬೊಬ್ಬರೇ ದಕ್ಕೆಯ ಹರಾಜಿನಲ್ಲಿ ಏಲಂ ಕೂಗಿ ಒಂದಿಡೀ ಲಾಟು ಹಿಡಿಯುವಷ್ಟು ದುಡ್ಡು ಆಗ ಇಬ್ಬರ ಹತ್ತಿರವೂ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ಇಬ್ಬರೂ ಸೇರಿ ಕೂಗುವುದು, ಅರ್ಧ ಅರ್ಧ ದುಡ್ಡು ಹಾಕುವುದು, ಮೀನನ್ನು ಪಾಲು ಮಾಡಿಕೊಳ್ಳುವುದು. ಒಬ್ಬಳು ಎರಡು ರಾಶಿ ಮಾಡಿದರೆ ಯಾವ ರಾಶಿ ಬೇಕು ಎಂದು ಆರಿಸುವುದು ಇನ್ನೊಬ್ಬಳು. ಮೋಸಕ್ಕೆ ಎಡೆಯೇ ಇಲ್ಲ. ಆಮೇಲೆ ವನಜ ಬಾರ್ಕೂರಿನ ಮನೆಗಳಿಗೆ, ಪ್ರಭಾವತಿ ಸಾಸ್ತಾನದ ಬದಿಗೆ. ಹೀಗೆ ಇಬ್ಬರೂ ಎಷ್ಟಕ್ಕೆ ಕೊಂಡರು ಎನ್ನುವುದು ಇಬ್ಬರಿಗೂ ಪೈಸೆ ಪೈಸೆ ಗೊತ್ತು. ಎಷ್ಟಕ್ಕೆ ಮಾರಿದರು ಎನ್ನುವುದನ್ನು ಒಬ್ಬಳು ಕೇಳಲಿಲ್ಲ, ಇನ್ನೊಬ್ಬಳು ಹೇಳಲಿಲ್ಲ. ಹೆರಿಗೆಯಿಂದ ಹಿಡಿದು ಗರ್ಭಕೋಶದ ಆಪರೇಷನ್ನಿನವರೆಗೆ ಹಂಚಿಕೊಂಡ ಗೆಳತಿಯರು ಇದೊಂದನ್ನು ಮಾತ್ರ ಹಂಚಿಕೊಳ್ಳಲಿಲ್ಲ.

ಎಲ್ಲ ಸರಿಯೇ ಇತ್ತು, ಪ್ರಭಾವತಿ ಮನೆ ಕಟ್ಟುವವರೆಗೆ.

ಹಳೆಯ ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ. ಎದುರು ಸಿಟ್‌ಔಟು, ಅದಕ್ಕೆ ಹೊಳೆಯುವ ಗ್ರಾನೈಟು, ಗೇಟಿಗೆ ಬಂಗಾರದ ಬಣ್ಣದ ಈಟಿಗಳು. ಹೊಸ ಮನೆಯ ಒಕ್ಕಲಿನ ದಿವಸ ವನಜ ಹೊಸ ಸೀರೆ ಉಟ್ಟು ಹೋದಳು. ನಗುತ್ತಲೇ ಎಲ್ಲ ಕೋಣೆ ನೋಡಿದಳು. ಬಚ್ಚಲಿನಲ್ಲಿ ಒಂದು ಬದಿ ಬಿಸಿನೀರಿಗೆ, ಒಂದು ಬದಿ ತಣ್ಣೀರಿಗೆ, ಮೇಲೊಂದು ತಲೆಗೆ ಸುರಿಯಲಿಕ್ಕೆ ಎಂದು ನಲ್ಲಿಗಳನ್ನು ಕಂಡಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಇಷ್ಟ್ ನಲ್ಲಿ ಎಂತಕ್ಕೆ ಮರಾಯ್ತಿ, ಬಪ್ಪುದ್ ನೀರೇ ಅಲ್ದಾ?"

ಪ್ರಭಾವತಿ ನಕ್ಕಳು. ವನಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಖರ್ಚ್ ಜೋರ್ ಆಯ್ತಾ?"

"ಆಯ್ತ್, ಹಾಂಗೇ ಒಂಚೂರ್" ಎಂದು ಪ್ರಭಾವತಿ ಬಡಿಸುವ ಕಡೆಗೆ ಹೋದಳು.

ಹಾಂಗೇ ಒಂಚೂರು! ಆ ಮಾತು ವನಜಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಪಾಯಸ ಕುಡಿದರೂ ಇಳಿಯಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ. ಪ್ರಭಾವತಿಯ ಗಂಡ ಚಂದಯ್ಯ ಮಲ್ಪೆಯ ಬೋಟಿಗೆ ಹೋಗುವವನು, ಅವನ ದುಡಿಮೆಯಲ್ಲಿ ಗೇಟಿನ ಈಟಿಯೂ ಬಾರದು. ಮಗ ನಿತೇಶ್ ಇನ್ನೂ ಕಾಲೇಜು. ಅಂದ ಮೇಲೆ ಈ ದುಡ್ಡು ಮೀನಿನದೇ. ಒಂದೇ ಲಾಟು, ಒಂದೇ ರಾಶಿ, ಒಂದೇ ಮೀನು. ಅವಳಿಗೆ ತಾರಸಿ, ನನಗೆ ಮಳೆಗಾಲದಲ್ಲಿ ಅಡುಗೆಕೋಣೆಯ ಮೇಲೆ ಟರ್ಪಾಲು. ಹಾಗಾದರೆ ಅವಳು ಎಷ್ಟಕ್ಕೆ ಮಾರುತ್ತಾಳೆ? ಯಾರಿಗೆ ಮಾರುತ್ತಾಳೆ?

ಈ ಪ್ರಶ್ನೆಗೆ ವನಜಳಿಗೆ ಸಿಕ್ಕಿದ ಉತ್ತರ ಭೋಜಣ್ಣ.

ಭೋಜಣ್ಣ ಬ್ರಹ್ಮಾವರದ ಹತ್ತಿರ ಹೆದ್ದಾರಿ ಬದಿಯಲ್ಲಿ ಮೀನೂಟದ ಹೋಟೆಲು ಇಟ್ಟವನು. ಮುಂಬೈಯಲ್ಲಿ ಬಹಳ ವರ್ಷ ಹೋಟೆಲಿನಲ್ಲಿ ದುಡಿದು ಬಂದವನಾದ್ದರಿಂದ ಬಾಯಿ ಬೆಣ್ಣೆ, ಕೈ ಬಿಗಿ. ಎದುರಿನ ಬೋರ್ಡಿನಲ್ಲಿ ಹಂಗಾರಕಟ್ಟೆಯ ತಾಜಾ ಮೀನು ಎಂದು ದೊಡ್ಡದಾಗಿ ಬರೆಸಿದ್ದ. ಆ ತಾಜಾ ಮೀನು ದಿನ ಬಿಟ್ಟು ದಿನ ಒಮ್ಮೆ ವನಜಳಿಂದ, ಒಮ್ಮೆ ಪ್ರಭಾವತಿಯಿಂದ. "ಇಬ್ರೂ ಬದುಕ್ಕ್ ಅಲ್ದಾ" ಎಂದು ಧರ್ಮದ ಮಾತು ಆಡುತ್ತಿದ್ದ. ದಕ್ಕೆಯ ರೇಟು ದಿನಾ ಏರುವುದು ಇಳಿಯುವುದು ಇದ್ದದ್ದೇ. ಅದರ ಮೇಲೆ ಕಿಲೋಗೆ ಅರವತ್ತು ರೂಪಾಯಿ ಇಟ್ಟು ಕೊಡಬೇಕು ಎಂದು ವನಜಳೊಡನೆ ಮಾತಾಗಿತ್ತು. ಪ್ರಭಾವತಿಯೊಡನೆ ಎಷ್ಟಕ್ಕೆ ಮಾತಾಗಿದೆಯೋ, ಕೇಳುವವರು ಯಾರು? ಮನೆಮನೆಗೆ ಮಾರುವುದು ಇವತ್ತು ಉಂಟು, ನಾಳೆ ಇಲ್ಲ. ಹೋಟೆಲಿನ ವ್ಯಾಪಾರವೇ ಗಟ್ಟಿ. ಅದರ ಮೇಲೆ ವನಜಳ ಮನೆ ನಡೆಯುತ್ತಿತ್ತು.

ಒಕ್ಕಲಾಗಿ ಕೆಲವು ದಿನಗಳಾದ ಮೇಲೆ ವನಜ ಹೋಟೆಲಿನ ಹಿಂಬಾಗಿಲಲ್ಲಿ ಮೀನು ಇಳಿಸುತ್ತ ಸುಮ್ಮನೆ ಎಂಬಂತೆ ಹೇಳಿದಳು. "ಪ್ರಭಾವತಿ ಮನೆ ಕಂಡ್ರ್ಯಾ ಭೋಜಣ್ಣ? ಅರಮನೆ ಕಂಡಾಂಗ್ ಇತ್ತ್."

ಭೋಜಣ್ಣ ಅವಳ ಮುಖವನ್ನು ಒಂದು ಸಲ ಸರಿಯಾಗಿ ನೋಡಿದ. ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ಎಂದು ನೋಡುವ ಹಾಗೆಯೇ ನೋಡಿದ. ಆ ಮುಖದಲ್ಲಿ ಇದ್ದದ್ದು ಅವನಿಗೆ ಕೂಡಲೇ ಸಿಕ್ಕಿತು.

"ಹೌದ್ ವನಜಕ್ಕ. ಅವ್ರ್ ಬುದ್ಧಿವಂತ್ರ್. ನಿಮ್ಗೆ ಹೇಳುಕೆ ನಂಗೇ ಬೇಜಾರ್. ಅವ್ರ್ ಐವತ್ತಕ್ಕೇ ಕೊಡ್ತೆ, ದಿನಾ ವ್ಯಾಪಾರ ನಂಗೇ ಕೊಡಿ ಅಂಬ್ರ್. ನಾನ್ ಎಂತ ಮಾಡುದ್ ಹೇಳಿ?"

ವನಜ ಕ್ರೇಟನ್ನು ನೆಲಕ್ಕೆ ಕುಕ್ಕಿದಳು. ತಾರಸಿ ಮನೆ ಸಾಲದು, ನನ್ನ ಅನ್ನಕ್ಕೂ ಕೈ ಹಾಕಿದಳಲ್ಲ! "ಅವ್ಳ್ ಐವತ್ತಕ್ ಕೊಟ್ರೆ ನಾನ್ ನಲ್ವತ್ತಕ್ ಕೊಡ್ತೆ" ಎಂದಳು.

"ನಂಗೆ ನಿಮ್ ಮೇಲೇ ವಿಶ್ವಾಸ. ಆದ್ರೆ ಪ್ರಭಾವತಿ ಹತ್ರ ಹೇಳ್ಬ್ಯಾಡಿ, ಸುಮ್ನೆ ನಿಷ್ಠೂರ" ಎಂದ ಭೋಜಣ್ಣ.

ಹೇಳುವ ಪ್ರಶ್ನೆಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ದಕ್ಕೆಯಲ್ಲಿ ಇಬ್ಬರೂ ಎಂದಿನಂತೆ ಸೇರಿ ಕೂಗಿದರು, ಎಂದಿನಂತೆ ಪಾಲು ಮಾಡಿದರು. ಪ್ರಭಾವತಿಯ ಮುಖ ಸ್ವಲ್ಪ ಬಿಗಿದಂತೆ ವನಜಳಿಗೆ ಕಂಡಿತು. ಕಳ್ಳಿ, ಎಂದುಕೊಂಡಳು. ಪ್ರಭಾವತಿಯೂ ಅದನ್ನೇ ಅಂದುಕೊಳ್ಳುತ್ತಿದ್ದಾಳೆ ಎಂದು ಅವಳಿಗೆ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿಗೆ ಕಣ್ಣು ಬಹಳ ಚುರುಕು, ಆದರೆ ಅದು ಒಂದೇ ಬದಿಗೆ ಕಾಣುತ್ತದೆ.

ಅಲ್ಲಿಂದ ಶುರುವಾಯಿತು ಇಳಿಜಾರು. ವಾರಕ್ಕೊಮ್ಮೆ ಭೋಜಣ್ಣ ನಿಟ್ಟುಸಿರು ಬಿಡುವುದು, ಪ್ರಭಾವತಿ ಮೂವತ್ತೈದು ಅಂದರು ಎನ್ನುವುದು. ವನಜ ಮೂವತ್ತು ಎನ್ನುವುದು. ಮತ್ತೆ ನಿಟ್ಟುಸಿರು. ಐಸು, ರಿಕ್ಷಾ, ಹೋಟೆಲಿಗೆಂದು ಮೀನು ಕೊಯ್ದು ಕೊಡುವ ಕೂಲಿ ಸೇರಿದರೆ ಕಿಲೋಗೆ ಇಪ್ಪತ್ತೈದು ಖರ್ಚೇ ಬೀಳುತ್ತದೆ ಎಂದು ವನಜಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ದಿವಸ ಬಾಯಿಂದ ಹದಿನೈದು ಎಂಬ ಮಾತು ಬಂದೇ ಹೋಯಿತು. ಆಗ ಭೋಜಣ್ಣ ಕೈಮುಗಿದು, "ಇನ್ ದಿನಾ ನೀವೇ ತನ್ನಿ ವನಜಕ್ಕ" ಎಂದ.

ಗೆದ್ದಳು! ಮನೆಗೆ ಬಂದು ದುಬಾರಿ ಅಂಜಲ್ ಮೀನು ಹುರಿದಳು. ಗುಡ್ಡ ಆಶ್ಚರ್ಯದಿಂದ ತಟ್ಟೆ ನೋಡಿ, ಎಂದಿನಂತೆ ಏನೂ ಕೇಳದೆ ಉಂಡ. ಪ್ರಭಾವತಿ ಮೀನು ಹೊತ್ತು ಹೋಟೆಲಿಗೆ ಹೋಗಿ ಹಿಂದೆ ಬರುವುದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕಂಡು ವನಜ ಖುಷಿಪಟ್ಟಳು. ಆ ಗೇಟಿನ ಈಟಿಗಳಿಗೆ ಇನ್ನು ತುಕ್ಕು ಹಿಡಿಯಲಿ ಎಂದು ಬಾಯಿಬಿಟ್ಟೇ ಅಂದಳು. ನಾಚಿಕೆಯೇನೂ ಆಗಲಿಲ್ಲ.

ಖುಷಿ ಎರಡು ದಿನ ಬಾಳಿತು. ಮೂರನೆಯ ದಿನ ಪ್ರಭಾವತಿ ದಕ್ಕೆಗೆ ಬರಲಿಲ್ಲ. ಮರುದಿನವೂ ಇಲ್ಲ. ಏಲಂ ಕೂಗುವ ದುಗ್ಗಪ್ಪ ಬಂಗುಡೆಯ ಲಾಟಿನ ಎದುರು ನಿಂತು ಕೇಳಿದ, "ಎಂತ ವನಜಕ್ಕ, ನಿಮ್ ಜೊತೆ ಎಲ್ಲಿ? ಒಬ್ರೇ ಹಿಡಿತ್ರ್ಯಾ?" ಒಬ್ಬಳೇ ಹಿಡಿಯುವಷ್ಟು ದುಡ್ಡು ಎಲ್ಲಿದೆ? ಬೇರೆಯವರೊಡನೆ ಪಾಲಿಗೆ ಸೇರೋಣ ಎಂದರೆ ಎಲ್ಲರೂ ಅವರವರ ಜೋಡಿಯಲ್ಲಿದ್ದರು. ಕೊನೆಗೆ ಏಲಂ ಹಿಡಿದವರಿಂದಲೇ ಚಿಲ್ಲರೆಯಾಗಿ, ಹೆಚ್ಚು ರೇಟಿಗೆ, ಉಳಿದ ಮೀನು ಎತ್ತಿಕೊಂಡು ಹೋದಳು. ಭೋಜಣ್ಣನಿಗೆ ದಕ್ಕೆಯ ರೇಟಿನ ಮೇಲೆ ಹದಿನೈದೇ. ಒಂದೊಂದು ಕಿಲೋ ಕೊಟ್ಟಾಗಲೂ ಕೈಯಿಂದ ದುಡ್ಡು ಹೋಗುತ್ತಿತ್ತು. ಹೀಗೆ ಇನ್ನೊಂದು ತಿಂಗಳು ಹೋದರೆ ಅಸಲೇ ಮುಗಿದು, ಸಿಗಡಿ ಸುಲಿಯುವ ಕೂಲಿಗೆ ಫ್ಯಾಕ್ಟರಿಯ ಬಾಗಿಲಲ್ಲಿ ನಿಲ್ಲಬೇಕು. ಬಿಟ್ಟುಬಿಡೋಣ ಎಂದರೆ ನಾಳೆಯೇ ಪ್ರಭಾವತಿ ಆ ಹಿಂಬಾಗಿಲಲ್ಲಿ ನಗುತ್ತ ಕ್ರೇಟು ಇಳಿಸುತ್ತಾಳೆ. ಅದನ್ನು ನೆನೆಸಿದರೆ ಸಿಗಡಿ ಸುಲಿಯುವುದೇ ವಾಸಿ ಅನ್ನಿಸುತ್ತಿತ್ತು.

ಕುಂದಾಪುರದ ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ಮಗಳು ನವ್ಯಶ್ರೀಗೆ ತಾಯಿಯ ಮುಖ ನೋಡಿಯೇ ಸಂಶಯ ಬಂತು. "ಅಮ್ಮ, ಹೋಟ್ಲಿಗೆ ಎಷ್ಟಕ್ ಕೊಡ್ತ್ಯೆ ನೀನ್?"

"ಕೊಡುವಷ್ಟಕ್ ಕೊಡ್ತೆ. ನಿಂಗೆಂತಕ್ಕೆ?"

"ನಂಗೂ ಹೇಳುಕಾಗ್ದಾ? ನಾನ್ ನನ್ ಸಂಬ್ಳ ನಿಂಗ್ ಹೇಳ್ತಿಲ್ಯಾ?"

ಹೌದು, ಅವಳು ಹೇಳುತ್ತಾಳೆ. ತನಗೆಷ್ಟು, ತನ್ನ ಜೊತೆಯ ಹುಡುಗಿಯರಿಗೆಷ್ಟು, ಹೊಸದಾಗಿ ಸೇರಿದವಳಿಗೆ ಐನೂರು ಹೆಚ್ಚು ಕೊಟ್ಟರೆಂದು ಎಲ್ಲರೂ ಒಟ್ಟಿಗೆ ಹೋಗಿ ಮಾಲೀಕರನ್ನು ಕೇಳಿದ್ದು, ಎಲ್ಲ ಊಟಕ್ಕೆ ಕುಳಿತಾಗ ಹೇಳುತ್ತಾಳೆ. ವನಜಳಿಗೆ ಅದನ್ನು ಕೇಳುವಾಗ ಮೈ ಮುದುಡುತ್ತದೆ. ಈಗ ಮಗಳ ಎದುರು ಹದಿನೈದು ಎನ್ನಲು ಬಾಯಿ ತೆರೆದಳು. ಬದಲಿಗೆ ಅಳು ಬಂತು.

"ಪ್ರಭಕ್ಕನ್ ಹತ್ರ ಹೋಗ್ ಮಾತಾಡ್ ಅಮ್ಮ. ಅವ್ರ್ ಬಿಟ್ರೆ ನಿಂಗೆ ದಕ್ಕೆಲಿ ಯಾರಿದ್ರ್?"

ಆ ಮಾತು ನಿಜವಾದ್ದರಿಂದಲೇ ವನಜಳಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಒಂದು ಭಾನುವಾರ ಸಂಜೆ ಹೊರಟಳು.

ಪ್ರಭಾವತಿ ಸಿಟ್‌ಔಟಿನ ಮೆಟ್ಟಿಲ ಮೇಲೆ ಕುಳಿತು ಒಣಮೀನು ಆರಿಸುತ್ತಿದ್ದಳು. ಆ ಗ್ರಾನೈಟಿನ ಮೇಲೆ ಗೋಣಿ ಹಾಸಿ ಒಣಮೀನು ಹರಡಿದ್ದನ್ನು ಕಂಡು ವನಜಳಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಪ್ರಭಾವತಿ "ಬಾ" ಎಂದಳು. ಅದರ ಹಿಂದೆ ಇನ್ನೊಂದು ಮಾತು ಬರಲಿಲ್ಲ. ವನಜ ಸೆಖೆಯ ವಿಷಯ ಹೇಳಿದಳು. ಪ್ರಭಾವತಿ ಹೂಂ ಎಂದಳು. ನಿತೇಶನ ಕಾಲೇಜಿನ ವಿಷಯ ಕೇಳಿದಳು. ಹೂಂ. ಒಣಮೀನಿನ ವ್ಯಾಪಾರ ಹೇಗೆ ಎಂದಳು.

"ಎಂತ ವ್ಯಾಪಾರ, ರಿಕ್ಷಾ ಬಾಡ್ಗಿ ಹುಟ್ರೆ ಸಾಕ್."

ಆ ಹಳೆಯ ಸುಳ್ಳನ್ನು ತನಗೇ ಹೇಳಿದಳಲ್ಲ ಎಂದು ವನಜಳಿಗೆ ರೇಗಿತು. ಆ ರೇಗಿನಲ್ಲೇ ಬಾಯಿ ಬಿಚ್ಚಿತು.

"ಭೋಜಣ್ಣಂಗೆ ನಾನ್ ಹದಿನೈದಕ್ ಕೊಡ್ತಿದ್ದೆ ಮರಾಯ್ತಿ. ದಿನಾ ಕೈಯಿಂದ ಹೋತಾ ಇತ್ತ್. ನೀನ್ ಇಳಿಸ್ದಿ ಅಂದ್ಕಂಡ್ ನಾನೂ ಇಳಿಸ್ದೆ."

ನಡುಬೀದಿಯಲ್ಲಿ ಸೆರಗು ಜಾರಿದಷ್ಟು ನಾಚಿಕೆಯಾಯಿತು. ಅತ್ತೆ ಬದುಕಿದ್ದರೆ ಬಾರಿಸಲು ಹಿಡಿಸೂಡಿ ತೆಗೆದುಕೊಳ್ಳುತ್ತಿದ್ದಳು. ಪ್ರಭಾವತಿಯ ಕೈ ಒಣಮೀನಿನ ಮೇಲೆಯೇ ನಿಂತಿತು.

"ಹದಿನೈದಾ? ನೀನ್ ಹತ್ತಕ್ ಕೊಡ್ತೆ ಅಂದ್ಯಂಬ್ರ್! ಅವ ನಂಗ್ ಹೇಳ್ದ. ಅದ್ಕೇ ನಾನ್ ಕೈ ಬಿಟ್ಟದ್."

"ಹತ್ತಾ? ಯಾರ್ ಹೇಳ್ದ್? ಮೊದ್ಲ್ ಐವತ್ತಕ್ ಇಳಿಸ್ದವ್ಳ್ ನೀನಲ್ದಾ?"

"ನಾನಾ! ವನಜಕ್ಕ ಐವತ್ತಕ್ ಕೊಡ್ತ್ರ್ ಅಂದ್ಕಂಡ್ ಅವ ಬಂದ್ ನನ್ ಹತ್ರ ಹೇಳ್ದ. ನಂಗ್ ತಡ್ಕಂಬುಕಾಯ್ಲಿಲ್ಲ. ನಲ್ವತ್ತೈದ್ ಅಂದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೊಂದೇ ವಾರದ ರೇಟನ್ನು ಎದುರು ಬದುರು ಇಟ್ಟು ನೋಡಿದರು. ಭೋಜಣ್ಣನಿಗೆ ಮೀನು ಹಿಡಿಯಲು ಬಲೆ ಬೇಕಿರಲಿಲ್ಲ. ಇವಳ ಹೊಟ್ಟೆಕಿಚ್ಚನ್ನು ಅವಳಿಗೂ, ಅವಳದನ್ನು ಇವಳಿಗೂ ತೋರಿಸಿದರೆ ಸಾಕಿತ್ತು. ಇಬ್ಬರು ಗೆಳತಿಯರು ಬಾಯಿ ಮುಚ್ಚಿಕೊಂಡು ಅವನ ಹೋಟೆಲಿನ ಗಿರಾಕಿಗಳಿಗೆಲ್ಲ ಪುಕ್ಕಟೆ ಬಂಗುಡೆ ಬಡಿಸಿದ್ದರು.

"ನಮ್ಮಂಥ ದಡ್ಡಿಯರ್ ಯಾರಿದ್ರ್" ಎಂದಳು ಪ್ರಭಾವತಿ. ಒಳಗೆ ಹೋಗಿ ಚಾ ಮಾಡಿಕೊಂಡು ಬಂದಳು.

ಬಾಯಿ ಬಿಚ್ಚಿದ್ದೇ ಬಿಚ್ಚಿತು, ಇನ್ನೇಕೆ ಉಳಿಸಿಕೊಳ್ಳಬೇಕು ಎಂದು ವನಜ ಎಷ್ಟೋ ತಿಂಗಳಿಂದ ಕೊರೆಯುತ್ತಿದ್ದದ್ದನ್ನೂ ಕೇಳಿದಳು. "ಹಾಂಗಾರೆ ಈ ಮನೆ?"

ಪ್ರಭಾವತಿ ಗೇಟಿನ ಕಡೆ ಒಂದು ಸಲ ನೋಡಿ ದನಿ ಇಳಿಸಿದಳು. ಬೈಂದೂರಿನ ಹತ್ತಿರ ಅವಳ ತಾಯಿ ಮನೆಯ ಹಿತ್ತಲು, ಮೊದಲು ಯಾರಿಗೂ ಬೇಡವಾದ ಬರೀ ಮರಳಿನ ಹೊಯಿಗೆ ಜಾಗ, ಹೆದ್ದಾರಿ ಅಗಲವಾದ ಮೇಲೆ ರಸ್ತೆ ಬದಿಗೆ ಬಿದ್ದಿತ್ತು. ಲಾಡ್ಜು ಕಟ್ಟುವವರು ಯಾರೋ ಬಂದು ಕೊಂಡರು. ಅಳಿಯಕಟ್ಟಿನ ಜಾಗವಾದ್ದರಿಂದ ಹೆಣ್ಣುಮಕ್ಕಳಿಗೆ ಪಾಲು. ಎಷ್ಟು ಸಿಕ್ಕಿತು ಎನ್ನುವುದನ್ನೂ ಹೇಳಿದಳು.

"ಹೇಳಿದ್ರೆ ಅರ್ಧ ಊರ್ ಸಾಲ ಕೇಂಬುಕ್ ಬತ್ತಿತ್ ಅಂದ್ಕಂಡ್ ಸುಮ್ನಾದೆ" ಎಂದಳು.

ನಿಜ ಗೊತ್ತಾದರೆ ಹೊಟ್ಟೆ ತಣ್ಣಗಾಗುತ್ತದೆ ಎಂದು ವನಜ ಅಂದುಕೊಂಡಿದ್ದಳು. ಎಲ್ಲಿಯ ತಣ್ಣಗೆ! ಇಷ್ಟು ದಿನ ಹೊಗೆಯಾಡುತ್ತಿದ್ದದ್ದು ಈಗ ಧಗಧಗ ಉರಿಯಿತು. ಮೀನು ಮಾರಿ ಕಟ್ಟಿದ್ದರೆ ಹೇಗಾದರೂ ಸಹಿಸಬಹುದಿತ್ತು, ನಾನೂ ಇನ್ನಷ್ಟು ದುಡಿದರೆ ಆದೀತು ಎಂದು ಆಸೆಯಾದರೂ ಇರುತ್ತಿತ್ತು. ಇದು ಕುಳಿತಲ್ಲಿಗೆ ಬಂದದ್ದು. ತನ್ನ ತವರಿನ ಹಿತ್ತಲು ಹೊಳೆಯ ಕಡೆಗಿದೆ, ಅದರ ಎದುರು ಹೆದ್ದಾರಿ ಹೋಗಬೇಕಾದರೆ ಇನ್ನೊಂದು ಜನ್ಮ ಬೇಕು. ವನಜ ಚಾವನ್ನು ಬಿಸಿಯಿದ್ದಂತೆಯೇ ನುಂಗಿದಳು.

ಮರುದಿನ ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋಟೆಲಿಗೆ ಹೋದರು. ಒಟ್ಟಿಗೆ ಹಿಂಬಾಗಿಲಲ್ಲಿ ಇಳಿದವರನ್ನು ಕಂಡು ಭೋಜಣ್ಣನ ಬಾಯಿಯ ಬೆಣ್ಣೆ ಗಟ್ಟಿಯಾಯಿತು.

"ಇಬ್ರೂ ಒಟ್ಟಿಗೆ ಬಂದ್ರ್ಯಾ?"

"ಹೌದ್, ಒಟ್ಟಿಗೇ ಬಂದ್" ಎಂದಳು ಪ್ರಭಾವತಿ. "ದಕ್ಕೆ ರೇಟಿನ್ ಮೇಲೆ ಅರವತ್ತ್. ಇಬ್ರಿಗೂ ಅದೇ. ದಿನ ಬಿಟ್ ದಿನ."

"ವ್ಯಾಪಾರ ಅಂದ್ಮೇಲೆ ವ್ಯಾಪಾರ ಅಕ್ಕ. ನಂಗೆ ಮಲ್ಪೆಯಿಂದ ಗಾಡೀಲ್ ಮೀನ್ ಬತ್ತಿತ್."

"ಬರ್ಲಿ" ಎಂದಳು ವನಜ. "ಬೋರ್ಡ್ ಬದ್ಲ್ ಮಾಡ್ಕಣಿ."

ಭೋಜಣ್ಣ ಬೋರ್ಡನ್ನು ನೋಡಲಿಲ್ಲ, ನೆಲ ನೋಡಿದ. ಅರವತ್ತಕ್ಕೆ ಒಪ್ಪಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಭೋಜಣ್ಣ ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ವನಜಳಿಗೆ ಫೋನು ಬಂತು.

"ವನಜಕ್ಕ, ನಿಮ್ ಮೀನಿಗೂ ಅವ್ರ್ ಮೀನಿಗೂ ವ್ಯತ್ಯಾಸ ಇತ್ತ್. ಗಿರಾಕಿಗಳೇ ಹೇಳ್ತ್ರ್. ನಿಮ್ಗೆ ಎಪ್ಪತ್ತ್ ಕೊಡ್ತೆ. ದಿನಾ ನೀವೊಬ್ರೇ ತನ್ನಿ. ಪ್ರಭಾವತಿ ಹತ್ರ ಹೇಳ್ಬ್ಯಾಡಿ."

ವನಜಳಿಗೆ ಅವನ ಆಟ ಅರ್ಥವಾಗಲಿಲ್ಲವೇ? ಆಯಿತು. ಇವತ್ತು ಎಪ್ಪತ್ತು, ಒಬ್ಬಳನ್ನು ಓಡಿಸಿದ ಮೇಲೆ ನಾಳೆ ಮತ್ತೆ ಹದಿನೈದು. ಒಂದೇ ಕಲ್ಲಿಗೆ ಎರಡು ಸಲ ಎಡವುವಷ್ಟು ಪೆದ್ದಿಯಲ್ಲ ಅವಳು. ಆದರೂ "ಆತಿಲ್ಲ" ಎನ್ನಲು ಬಾಯಿ ಬರಲಿಲ್ಲ. ನೋಡೋಣ ಎಂಬಂತೆ "ಕಾಂಬ" ಎಂದು ಫೋನು ಇಟ್ಟಳು. ಆ ಸಂಜೆ ಪಾತ್ರೆ ತಿಕ್ಕುವಾಗಲೂ ಅವಳ ಮುಖದಲ್ಲಿ ನಗು. ಹತ್ತು ರೂಪಾಯಿಯ ನಗುವಲ್ಲ ಅದು. ಪ್ರಭಾವತಿಗೆ ತಾರಸಿ ಇರಬಹುದು, ನಲ್ಲಿ ಇರಬಹುದು, ಹೆದ್ದಾರಿ ಬದಿಯ ತವರು ಇರಬಹುದು. ಗಿರಾಕಿಗಳು ಕೇಳುವುದು ನನ್ನ ಮೀನನ್ನು. ಅವನು ಮೊದಲು ಕರೆದದ್ದು ನನ್ನನ್ನು.

ಬೆಳಿಗ್ಗೆ ದಕ್ಕೆಯಲ್ಲಿ ಬಂಗುಡೆಯ ಲಾಟು ಇಬ್ಬರಿಗೇ ಆಯಿತು. ಪ್ರಭಾವತಿ ರಾಶಿ ಮಾಡುತ್ತಿದ್ದಳು. ವನಜ ಹೇಳಬಾರದೆಂದೇ ಬಂದಿದ್ದಳು. ಆದರೆ ಅಂಥ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಗೆಳತಿಗೆ ಮೋಸ ಮಾಡಬಾರದು ಎಂಬ ಪ್ರಾಮಾಣಿಕತೆ ಅದರಲ್ಲಿ ಎಷ್ಟಿತ್ತು, ಅವಳ ಮುಖ ಸಣ್ಣದಾಗುವುದನ್ನು ನೋಡಬೇಕೆಂಬ ಆಸೆ ಎಷ್ಟಿತ್ತು ಎಂದು ಕೇಳಬೇಡಿ. ಎರಡೂ ಇತ್ತು.

"ಭೋಜಣ್ಣ ಫೋನ್ ಮಾಡಿದ್ದ" ಎಂದಳು. "ನಂಗ್ ಎಪ್ಪತ್ತ್ ಕೊಡ್ತೆ ಅಂದ. ನನ್ ಮೀನೇ ಬೇಕ್ ಅಂಬ್ರ್. ನಿಂಗೆ ಹೇಳ್ಬ್ಯಾಡ ಅಂದ, ಆದ್ರೂ ಹೇಳಿದೆ ಕಾಣ್."

ಪ್ರಭಾವತಿ ತಲೆ ಎತ್ತಲಿಲ್ಲ. ಒಂದು ಮೀ‌ನನ್ನು ಈ ರಾಶಿಯಿಂದ ತೆಗೆದು ಆ ರಾಶಿಗೆ ಹಾಕಿದಳು. "ಯಾವಾಗ್ ಮಾಡಿದ್ದ್?"

"ನಿನ್ನೆ ಮಧ್ಯಾಹ್ನ."

"ನಂಗ್ ನಿನ್ನೆ ಬೆಳಿಗ್ಗೆ ಮಾಡಿದ್ದ. ಎಪ್ಪತ್ತೈದ್ ಅಂದ."

ಎಪ್ಪತ್ತೈದು! ತನಗಿಂತ ಐದು ಹೆಚ್ಚು, ತನಗಿಂತ ಮೊದಲು. "ನೀನ್ ಎಂತ ಅಂದೆ?"

"ಆತಿಲ್ಲ ಅಂದೆ. ವನಜನ್ ಬಿಟ್ ನಾನೊಬ್ಳೇ ಮೀನ್ ತರುದಿಲ್ಲ ಅಂದ್ಕಂಡ್ ಫೋನ್ ಇಟ್ಟೆ. ಅದ್ಕೇ ನಿಂಗ್ ಮಾಡಿದ್ದ ಕಾಂತ್ತ್. ನೀನ್ ಎಂತ ಅಂದೆ?"

ಕಾಂಬ ಎಂದೆ ಎಂದು ಹೇಗೆ ಹೇಳುವುದು? ಮನೆಯಲ್ಲಿ ಇವಳೇ ಮೇಲು, ಅದೃಷ್ಟದಲ್ಲಿ ಇವಳೇ ಮೇಲು, ರೇಟಿನಲ್ಲಿ ಇವಳೇ ಮೇಲು. ಒಳ್ಳೆಯತನ ಒಂದಾದರೂ ತನ್ನ ಪಾಲಿಗೆ ಉಳಿದೀತು ಎಂದರೆ ಅದನ್ನೂ ಹಿಂದಿನ ದಿನವೇ ಎತ್ತಿಕೊಂಡು ಹೋಗಿದ್ದಾಳೆ. ವನಜ ಸೊಂಟದಿಂದ ಫೋನು ತೆಗೆದಳು. ಭೋಜಣ್ಣ ಎತ್ತಿದ ಕೂಡಲೇ ದಕ್ಕೆಗೆಲ್ಲ ಕೇಳುವ ಹಾಗೆ ಹೇಳಿದಳು.

"ಹ್ವಾಯ್ ಭೋಜಣ್ಣ, ನಂಗ್ ಎಪ್ಪತ್ತೂ ಬ್ಯಾಡ, ಅವ್ಳಿಗ್ ಎಪ್ಪತ್ತೈದೂ ಬ್ಯಾಡ. ಇಬ್ರಿಗೂ ಅರವತ್ತೇ ಸಾಕ್!"

ಸುತ್ತಲಿನ ಹೆಂಗಸರು ಕೂಗಾಟ ನಿಲ್ಲಿಸಿ ತಿರುಗಿದರು. ದುಗ್ಗಪ್ಪನ ಏಲಂ ಅರ್ಧಕ್ಕೆ ನಿಂತಿತು. ದಕ್ಕೆಯ ಮೇಲೆ ಮಾರಿದ ರೇಟನ್ನು ಯಾರಾದರೂ ಹೀಗೆ ಕೂಗಿದ್ದು ಯಾರಿಗೂ ನೆನಪಿಲ್ಲ. ಯಾರೋ ಮೆಲ್ಲಗೆ, "ಅರವತ್ತಾ? ನಂಗೆ ಕೋಟದ ಹೋಟ್ಲಿನವ್ರ್ ಮೂವತ್ತೇ ಕೊಡುದ್" ಎಂದರು. ಇನ್ನೊಬ್ಬಳು, "ನಂಗ್ ಇಪ್ಪತ್ತೆಂಟ್" ಎಂದಳು.

ವನಜಳಿಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಅವಳು ಪ್ರಭಾವತಿಯ ಎದುರು ಕುಕ್ಕುರುಗಾಲಿನಲ್ಲಿ ಕುಳಿತಳು. ಇಷ್ಟೆಲ್ಲ ಹೇಳಿಯಾದ ಮೇಲೆ ಇನ್ನೊಂದು ಉಳಿದಿತ್ತು. ರೇಟು ಹೇಳುವುದಕ್ಕಿಂತ ಅದು ಕಷ್ಟವಾಗಿತ್ತು.

"ನಂಗ್ ನಿನ್ ಕಂಡ್ರೆ ಹೊಟ್ಟೆ ಉರಿತ್ತ್ ಪ್ರಭಾವತಿ. ಈಗ್ಲೂ ಉರಿತ್ತ್. ಯಾರ್ ಹತ್ರವೂ ಹೇಳ್ಲಿಲ್ಲ, ಇವತ್ತ್ ನಿನ್ ಹತ್ರವೇ ಹೇಳ್ತಿದ್ದೆ."

ಪ್ರಭಾವತಿ ಕೈಗೆ ಅಂಟಿದ ಮೀನಿನ ಹುರುಪೆಯನ್ನು ನೀರಿನಲ್ಲಿ ತೊಳೆದುಕೊಂಡಳು.

"ಅದ್ ದಕ್ಕೆಗೆಲ್ಲ ಗೊತ್ತಿತ್ತ್ ಮರಾಯ್ತಿ" ಎಂದಳು. "ಗುಟ್ಟ್ ಅಂದ್ಕಂಡಿದ್ದ್ ನೀನೊಬ್ಳೇ."